ಹಸಿರು ಬಟ್ಟೆ ಕಟ್ಟಿದ ಕೀ

ನಮ್ಮ ಬೀದಿಯಲ್ಲಿ ಬೀಗಗಳು ಅವರವರ ಮನೆಯಲ್ಲಿದ್ದವು, ಕೀಗಳೆಲ್ಲ ಒಂದೇ ಮನೆಯಲ್ಲಿದ್ದವು. ಬೆಂಗಳೂರಿನ ಉತ್ತರದಂಚಿನಲ್ಲಿರುವ ಸಿಂಗಾಪುರದ ಆ ಬಡಾವಣೆಗೆ ನಾವು ಬಂದದ್ದು ಎರಡು ಸಾವಿರದ ಎಂಟರಲ್ಲಿ. ಆಗ ಅರ್ಧಕ್ಕರ್ಧ ಸೈಟುಗಳು ಖಾಲಿ ಬಿದ್ದಿದ್ದವು, ರಸ್ತೆಗೆ ಟಾರು ಬಂದಿರಲಿಲ್ಲ. ಎದುರುಮನೆಯಿಂದ ದಿನವಿಡೀ ಹೊಲಿಗೆ ಮೆಷಿನ್ನಿನ ಸದ್ದು ಬರುತ್ತಿತ್ತು. ಆ ಮನೆಯಾಕೆಯನ್ನು ಬೀದಿಯವರೆಲ್ಲ ಆಪಾ ಎಂದು ಕರೆಯುತ್ತಿದ್ದರು. ಅವರ ಮನೆಮಾತಿನಲ್ಲಿ ಅಕ್ಕನಿಗೆ ಹಾಗನ್ನುತ್ತಾರೆ. ಗಂಡನಿಗೆ ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ. ಆಪಾ ಕಿಟಕಿಯ ಪಕ್ಕ ಕುಳಿತು ಸೀರೆಗೆ ಫಾಲ್ ಹಚ್ಚುತ್ತಾ, ಬ್ಲೌಸ್ ಹೊಲಿಯುತ್ತಾ, ಬೀದಿಯನ್ನೂ ಒಂದು ಕಣ್ಣಿನಲ್ಲಿ ನೋಡಿಕೊಳ್ಳುತ್ತಿದ್ದರು. ಸದಾ ಮನೆಯಲ್ಲೇ ಇರುವವರು ಎಂದು ಯಾರೋ ಒಬ್ಬರು ಕೀ ಕೊಟ್ಟು ಹೋದರಂತೆ. ಅವರನ್ನು ನೋಡಿ ಇನ್ನೊಬ್ಬರು ಕೊಟ್ಟರು. ನಾವು ಬರುವ ಹೊತ್ತಿಗೆ ಅದು ಬೀದಿಯ ಪದ್ಧತಿಯೇ ಆಗಿಹೋಗಿತ್ತು.

ಆಪಾ ಬಾಗಿಲ ಹಿಂದೆ ಮೊಳೆ ಹೊಡೆದ ಹಲಗೆಯೊಂದನ್ನು ತೂಗುಹಾಕಿದ್ದರು. ಅದರಲ್ಲಿ ಹೆಸರಿಲ್ಲ, ನಂಬರಿಲ್ಲ. ಒಂದೊಂದು ಕೀಗೂ ಆಯಾ ಮನೆಯ ಹೆಂಗಸು ಹೊಲಿಸಿದ ಬ್ಲೌಸಿನ ಚೂರು ಕಟ್ಟಿರುತ್ತಿತ್ತು. ನಾನು ಅವರಲ್ಲಿ ಮೊದಲು ಹೊಲಿಸಿದ್ದು ನನ್ನ ಸೀಮಂತದ ಬ್ಲೌಸ್. ಹಾಗಾಗಿ ನಮ್ಮ ಕೀಗೆ ಹಸಿರು ಚೂರು ಬಂತು.

ಕೀ ಕೊಡುವುದಕ್ಕೂ ಅವರದೇ ಕಟ್ಟಳೆಗಳಿದ್ದವು. ಗ್ಯಾಸಿನವನಿಗೆ ಪಕ್ಕದ ಗೇಟಿನ ಕೀ ಮಾತ್ರ. ಕೆಲಸದವಳಿಗೆ ಹಿತ್ತಲ ಬಾಗಿಲಿನದು. ಮುಂಬಾಗಿಲಿನ ಕೀ ಮನೆಯವರಿಗೆ ಬಿಟ್ಟರೆ ಯಾರಿಗೂ ಇಲ್ಲ. ನನ್ನ ತಮ್ಮ ಮೊದಲ ಸಲ ಬಂದಾಗ ನಾನೇ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿದ್ದೆ.

"ಒಂದ್ಸಲ ನೀನು ತೋರ್ಸಿದ್ಯಲ್ಲ, ಸಾಕು. ಇನ್ಮೇಲೆ ಇವ್ರು ಬಂದಾಗೆಲ್ಲ ನಿಂಗೆ ಫೋನ್ ಮಾಡಿ ಕೊಡ್ಲಾ ಬಿಡ್ಲಾ ಅಂತ ಕೇಳೋಳಲ್ಲ ನಾನು," ಎಂದಿದ್ದರು ಆಪಾ. ಆಮೇಲೆ ಒಮ್ಮೆಯೂ ಅವರು ಹಾಗೆ ಕೇಳಲಿಲ್ಲ.

ಮುಂದೆ ನನಗೆ ಅನ್ನ ಹಾಕಿದ ಕೆಲಸವೂ ಕೀಗಳದೇ ಆಯಿತು. ಆ ವಿದ್ಯೆಯನ್ನು ಎದುರುಮನೆಯ ಆಪಾ ಕಲಿಸಿದರು ಎಂದು ಬರೆದರೆ ಓದುವುದಕ್ಕೆ ಚೆನ್ನಾಗಿರುತ್ತದೆ. ಆದರೆ ಅದು ಸುಳ್ಳು. ವಿದ್ಯೆಯನ್ನು ಕಾಲೇಜಿನಲ್ಲಿ ಕಲಿತೆ, ಸ್ವಲ್ಪ ಮರೆತೆ, ಮತ್ತೆ ಕಲಿತೆ. ಆಪಾ ನನಗೆ ಕೊಟ್ಟದ್ದು ಅದಕ್ಕಿಂತ ದೊಡ್ಡದು, ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಗಳು ಹುಟ್ಟಿದಾಗ ನಾನು ಕೆಲಸ ಬಿಟ್ಟೆ. ಒಂದು ವರ್ಷ ಎಂದುಕೊಂಡಿದ್ದೆ. ಅಷ್ಟರಲ್ಲಿ ಅತ್ತೆಗೆ ಪಾರ್ಶ್ವವಾಯು ಬಡಿಯಿತು. ಅವರನ್ನು ನೋಡಿಕೊಳ್ಳುವುದರಲ್ಲಿ ವರ್ಷಗಳು ಹೋದವು, ಅತ್ತೆಯೂ ಹೋದರು. ಕನ್ನಡಿ ನೋಡಿಕೊಂಡರೆ ನಾನು ಇಂಜಿನಿಯರ್ ಎಂದು ನನಗೇ ನಂಬಿಕೆ ಬರುತ್ತಿರಲಿಲ್ಲ. ಎರಡು ಸಾವಿರದ ಹದಿನೆಂಟರಲ್ಲಿ ಹೆಬ್ಬಾಳದ ಹತ್ತಿರದ ಒಂದು ಚಿಕ್ಕ ಕಂಪನಿ ನನ್ನನ್ನು ತಾತ್ಕಾಲಿಕವಾಗಿ ತೆಗೆದುಕೊಂಡಿತು. ಕೆಲಸ ತೋರಿಸಿದರೆ ಕಾಯಂ, ಇಲ್ಲವಾದರೆ ಮನೆ. ಸಂದರ್ಶನದಲ್ಲಿ "ಇಷ್ಟು ವರ್ಷ ಏನ್ ಮಾಡ್ತಿದ್ರಿ?" ಎಂದು ಕೇಳಿದರು. "ಮನೆ ನೋಡ್ಕೊಳ್ತಿದ್ದೆ," ಎಂದೆ. ಕೇಳಿದವರು ಕಾಗದದ ಮೇಲೆ ಏನೂ ಬರೆದುಕೊಳ್ಳಲಿಲ್ಲ. ಆ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ. ಆದರೂ ಮನೆಗೆ ವಾಪಸ್ ಹೋಗಬಾರದು ಎಂಬ ಹಟ ಹುಟ್ಟಿದ್ದು ಆ ಕೋಣೆಯಲ್ಲಿಯೇ.

ನಮ್ಮ ಮ್ಯಾನೇಜರ್ ನನಗಿಂತ ಚಿಕ್ಕವರು, ಹೆಬ್ಬಾಳದ ಹಳೇ ಊರಿನವರು. ಅವರ ತಾತನ ರಾಗಿ ಹೊಲ ಇದ್ದ ಜಾಗದಲ್ಲಿ ಈಗ ಸರ್ವಿಸ್ ರಸ್ತೆ ಇದೆ. ಆಫೀಸಿನಲ್ಲಿ ನಯವಾಗಿ ಇಂಗ್ಲಿಷ್ ಮಾತಾಡುತ್ತಿದ್ದ ಮನುಷ್ಯ ಸಿಟ್ಟು ಬಂದರೆ ಮಾತ್ರ ಹಳೇ ಊರಿಗೆ ಹೋಗಿಬಿಡುತ್ತಿದ್ದರು. ಅವರ ಬಾಯಲ್ಲಿ ಹೇಗೆ ಎನ್ನುವುದು ಎಂಗೆ ಆಯಿತೆಂದರೆ ನಾವೆಲ್ಲ ತಲೆ ತಗ್ಗಿಸಿ ಕೀಬೋರ್ಡ್ ಕುಟ್ಟುತ್ತಿದ್ದೆವು.

ನಮ್ಮ ಕೆಲಸ ಏನೆಂದು ನನ್ನ ಮಗಳಿಗೆ ಹೇಳಿದ ಹಾಗೆ ಇಲ್ಲೂ ಹೇಳುತ್ತೇನೆ. ಫೋನಿನೊಳಗಿನ ಸಿಮ್ಮಿನಲ್ಲಿ ಒಂದು ಗುಟ್ಟು ಇರುತ್ತದೆ. ಆ ಗುಟ್ಟಿನ ಪ್ರತಿ ನೆಟ್‌ವರ್ಕಿನವರ ಬಳಿ ಮಾತ್ರ ಇರುತ್ತದೆ. ಫೋನ್ ಆನ್ ಮಾಡಿದಾಗ ನೆಟ್‌ವರ್ಕ್ ಒಂದು ಪ್ರಶ್ನೆ ಕೇಳುತ್ತದೆ. ಗುಟ್ಟು ಗೊತ್ತಿದ್ದವರು ಮಾತ್ರ ಕೊಡಬಹುದಾದ ಉತ್ತರವನ್ನು ಸಿಮ್ ಕೊಡುತ್ತದೆ. ಗುಟ್ಟನ್ನು ಇಬ್ಬರೂ ಬಾಯಿಬಿಟ್ಟು ಹೇಳುವುದಿಲ್ಲ. ಗುರುತು ಸಿಕ್ಕಿದ ಮೇಲೆ ಇಬ್ಬರಲ್ಲೂ ಒಂದು ಹೊಸ ಕೀ ಹುಟ್ಟುತ್ತದೆ, ಅದೇ ಮೂಲ ಕೀ. ಇಷ್ಟು ಗಟ್ಟಿಯಾದ ಪರಿಚಯ ಒಮ್ಮೆ ಆಗಿದ್ದರೂ ಆ ಫೋನಿನ ಒಂದೊಂದು ಆ್ಯಪೂ ಮತ್ತೆ ಮೊದಲಿನಿಂದ ನೀನು ಯಾರು, ಪಾಸ್‌ವರ್ಡ್ ಏನು, ಓಟಿಪಿ ಎಲ್ಲಿ ಎಂದು ಪೀಡಿಸುತ್ತದೆ. ಅದರ ಬದಲು, ಆ ಮೂಲ ಕೀಯಿಂದಲೇ ಒಂದೊಂದು ಆ್ಯಪಿಗೂ ಬೇರೆ ಬೇರೆ ಕೀ ಮಾಡಿಕೊಟ್ಟರೆ ಆಯಿತಲ್ಲ. ರೊಟ್ಟಿಯನ್ನು ಮತ್ತೆ ಹಿಟ್ಟು ಮಾಡಲಾಗದ ಹಾಗೆ, ಆ್ಯಪಿನ ಕೀಯಿಂದ ಮೂಲ ಕೀಯನ್ನು ಕಂಡುಹಿಡಿಯಲು ಆಗುವುದಿಲ್ಲ. ಈ ಉಪಾಯ ನಮ್ಮದಲ್ಲ. ಆ ಹೊತ್ತಿನಲ್ಲಿ ಎಲ್ಲೆಲ್ಲಿಯವರೋ ಸಭೆ ಸೇರಿ ಇದಕ್ಕೆ ನಿಯಮ ಬರೆಯುತ್ತಿದ್ದರು. ಅದನ್ನು ಪುಟ್ಟ ಬ್ಯಾಟರಿಯ ಡಬ್ಬಗಳಿಗೆ ಹೊಂದಿಸುವುದಷ್ಟೇ ನಮ್ಮ ಪಾಲಿನದು.

ಡಬ್ಬ ಎಂದರೆ ನಿಜವಾಗಿಯೂ ಡಬ್ಬವೇ. ಯಲಹಂಕದ ಗೋದಾಮಿನಿಂದ ಇನ್ಸುಲಿನ್‌ನಂಥ ತಂಪಿನಲ್ಲಿಡಬೇಕಾದ ಔಷಧಿಗಳು ವ್ಯಾನಿನಲ್ಲಿ ಹೋಗುತ್ತವೆ. ಅವುಗಳ ಪೆಟ್ಟಿಗೆಯೊಳಗೆ ಸಿಮ್ ಹಾಕಿದ ಒಂದು ಚಿಕ್ಕ ಡಬ್ಬ ಕುಳಿತು, ಆಗಾಗ ಎದ್ದು, ಒಳಗಿನ ತಂಪೆಷ್ಟು ಎಂದು ಸರ್ವರ್ ಕಂಪ್ಯೂಟರಿಗೆ ಹೇಳಿ ಮತ್ತೆ ನಿದ್ದೆ ಹೋಗಬೇಕು. ಅಲ್ಲಿ ಓಟಿಪಿ ಒತ್ತುವುದಕ್ಕೆ ಬೆರಳಿಲ್ಲ. ಎದ್ದಾಗಲೆಲ್ಲ ಹೊಸದಾಗಿ ಪರಿಚಯ ಹೇಳಿಕೊಳ್ಳುತ್ತಾ ಕುಳಿತರೆ ಬ್ಯಾಟರಿ ಉಳಿಯುವುದಿಲ್ಲ. ಈ ತಂಪಿನ ಲೆಕ್ಕದಲ್ಲಿ ಸ್ವಲ್ಪ ಹೊತ್ತು ಖಾಲಿ ಬಿದ್ದರೂ ಔಷಧಿ ಕೆಟ್ಟಿರಬಹುದೆಂದು ಎಸೆಯುತ್ತಾರೆ.

ನಮ್ಮ ಡಬ್ಬ ಆಫೀಸಿನ ಮೇಜಿನ ಮೇಲೆ ಒಂದು ತಿಂಗಳು ಒಂದೂ ತಪ್ಪಿಲ್ಲದೆ ಕೆಲಸ ಮಾಡಿತು. ಹೊರಗೂ ಪರೀಕ್ಷೆ ಮಾಡಿದ್ದೆವು. ಹೊರಗೆ ಎಂದರೆ ಡಬ್ಬವನ್ನು ಹಿಡಿದುಕೊಂಡು ಕೆಳಗಿನ ಟೀ ಅಂಗಡಿಗೆ ಹೋಗಿ, ಎಲ್ಲರೂ ಟೀ ಕುಡಿದು, ಡಬ್ಬವನ್ನು ವಾಪಸ್ ತಂದದ್ದು. ಅದನ್ನು ವರದಿಯಲ್ಲಿ ಫೀಲ್ಡ್ ಟೆಸ್ಟ್ ಎಂದೂ ಬರೆದೆವು. ವ್ಯಾನಿಗೆ ಹಾಕಿ ಕಳಿಸಿದ ಮೊದಲ ದಿನವೇ ಲೆಕ್ಕದಲ್ಲಿ ಅಲ್ಲಲ್ಲಿ ತೂತು ಬಿತ್ತು. ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ.

ಔಷಧಿಯವರು ಇನ್ನೊಂದು ಅವಕಾಶ ಕೊಟ್ಟರು. ಮ್ಯಾನೇಜರ್ ನನ್ನನ್ನು ಕರೆದರು. "ಇನ್ನೊಂದ್ ಸಲ ಇಂಗೇ ಆದ್ರೆ, ಎಲ್ಲಾ ಡಬ್ಬಕ್ಕೂ ಒಂದೊಂದು ಪಾಸ್‌ವರ್ಡ್ ತುಂಬ್ಬಿಟ್ಟು ಹಳೇ ಪದ್ಧತೀಗೇ ಓಗ್ಬುಡಾಣ ಮೇಡಂ. ಆಮೇಲೆ ನಿಮ್ಗೆ ಇಲ್ಲಿ ಕೆಲ್ಸ ಏನಿರ್ತದೆ, ನೀವೇ ಏಳಿ."

"ಸೋಮವಾರ ನಾನೇ ವ್ಯಾನಲ್ಲಿ ಹೋಗ್ತೀನಿ," ಎಂದೆ.

ಮನೆಗೆ ಬಂದು ಆಪಾಗೆ ಹೇಳಿದೆ. ಮಗಳು ಶಾಲೆಯಿಂದ ಬಂದು ಅವರಿಂದ ಕೀ ತೆಗೆದುಕೊಂಡು ಬಾಗಿಲು ತೆರೆದು, ಬಟ್ಟೆ ಬದಲಿಸಿ, ಅವರ ಕಿಟಕಿಯ ಕೆಳಗೆ ಕುಳಿತು ಹೋಂವರ್ಕ್ ಮಾಡುವುದು ದಿನದ ಕ್ರಮ. ಸಾಮಾನ್ಯವಾಗಿ ನಾನು ಬೆಳಕಿರುವಾಗಲೇ ಬರುತ್ತಿದ್ದೆ. "ಸೋಮವಾರ ತಡವಾಗ್ಬಹುದು ಆಪಾ. ಅವತ್ತು ಹಾಳಾದ್ರೆ ನನ್ನ ಕೆಲ್ಸ ಹೋದ ಹಾಗೇ," ಎಂದೆ.

"ಹೋಗ್ಬಾ. ಮಗು ಯೋಚ್ನೆ ನಿಂಗ್ಯಾಕೆ," ಎಂದರು. ಅವರ ಮುಖ ಬಾಡಿತ್ತು, ಅದಕ್ಕೆ ಕಾರಣವೂ ನನಗೆ ಗೊತ್ತಿತ್ತು. ಆ ವಾರ ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಕಳ್ಳತನವಾಗಿತ್ತು. ಕಳ್ಳ ಹಿತ್ತಲ ಕಿಟಕಿಯ ಸರಳು ಬಗ್ಗಿಸಿ ಬಂದಿದ್ದ, ಅವನಿಗೆ ಕೀಯ ಅಗತ್ಯವೇ ಬಿದ್ದಿರಲಿಲ್ಲ. ಆದರೂ ಯಾರೋ, ಕಂಡಕಂಡವರ ಹತ್ತಿರ ಕೀ ಇಡುವುದು ಸರಿಯಲ್ಲ ಎಂದರು. ಅದು ಬಾಯಿಂದ ಬಾಯಿಗೆ ಹೋಯಿತು. ಇಷ್ಟು ವರ್ಷ ಕೀ ಕೊಟ್ಟು ನೆಮ್ಮದಿಯಾಗಿ ಊರು ಸುತ್ತಿದವರು ಒಬ್ಬೊಬ್ಬರಾಗಿ ಬಂದು, ನೆಂಟರು ಬರ್ತಾರೆ ಎಂದೋ, ಇನ್ನೇನೋ ಒಂದು ನೆಪ ಹೇಳಿ ತಮ್ಮ ಕೀ ಬಿಡಿಸಿಕೊಂಡು ಹೋದರು. ಆಪಾ ಯಾರಿಗೂ ಏನೂ ಅನ್ನಲಿಲ್ಲ, ಬಟ್ಟೆಯ ಚೂರು ಬಿಚ್ಚಿಟ್ಟುಕೊಂಡು ಕೀ ಕೊಟ್ಟರು.

ಭಾನುವಾರ ನನ್ನ ಗಂಡ ನಮ್ಮ ಮುಂಬಾಗಿಲಿಗೂ ಹೊಸ ಬೀಗ ಹಾಕಿಸಿದರು. ಹಳೆಯದು ಮೊದಲೇ ಸಡಿಲವಾಗಿತ್ತು, ಕಳ್ಳತನ ಒಂದು ನೆಪ. ನಾನು ಲ್ಯಾಪ್‌ಟಾಪಿನಲ್ಲಿ ಮುಳುಗಿದ್ದೆ. ಬಡಗಿ ಬಾಗಿಲು ಕೊರೆಯುವ ಸದ್ದಿಗೆ ಬೈದುಕೊಂಡೆನೇ ಹೊರತು ಬೇರೇನೂ ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ಗಂಡ, ಮಗಳು ಏಳುವ ಮೊದಲೇ ಹೊರಟು ಯಲಹಂಕದಲ್ಲಿ ವ್ಯಾನ್ ಹತ್ತಿದೆ. ಡ್ರೈವರಿನ ಪಕ್ಕದ ಸೀಟಿನಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಡಬ್ಬ ಏನೇನು ಮಾತಾಡುತ್ತದೆ ಎಂದು ಮೈಯೆಲ್ಲ ಕಣ್ಣಾಗಿ ನೋಡುತ್ತಾ ಕುಳಿತೆ. ಡ್ರೈವರ್ ಶೆಟ್ಟಿಹಳ್ಳಿಯವರು, ಮಾತಿನ ಮನುಷ್ಯ. "ಏನ್ ಮೇಡಂ, ಹಿಂಗ್ ನೋಡ್ತಿದ್ದೀರ, ಡಬ್ಬಕ್ಕೇನ್ ಹೊಟ್ಟೆ ತೊಳಸ್ತಿದ್ಯಾ?" ಎಂದರು. ಕೋಗಿಲು ದಾಟುವವರೆಗೆ ಎಲ್ಲ ಚೆನ್ನಾಗಿತ್ತು. ಹೆಬ್ಬಾಳದ ಫ್ಲೈಓವರ್ ಬರುವಷ್ಟರಲ್ಲಿ ಡಬ್ಬ ಸುಮ್ಮನಾಯಿತು. ಆರ್.ಟಿ. ನಗರದಲ್ಲಿ ಔಷಧಿ ಇಳಿಸುವಾಗ ಮತ್ತೆ ಸರಿಹೋಯಿತು. ಯಶವಂತಪುರದ ಹತ್ತಿರ ಇನ್ನೊಮ್ಮೆ ನಿಂತಿತು.

ವ್ಯಾನ್ ಅದೇ ದಾರಿಯಲ್ಲಿ ಮತ್ತೆ ಹೋಗಿ ಬಂತು. ಮಧ್ಯಾಹ್ನದ ಹೊತ್ತಿಗೆ ಕಾರಣ ಕಣ್ಣೆದುರಿಗೇ ಇತ್ತು. ವ್ಯಾನ್ ಒಂದು ಪ್ರದೇಶದಿಂದ ಇನ್ನೊಂದಕ್ಕೆ ಹೋದಾಗ ನೆಟ್‌ವರ್ಕ್ ಡಬ್ಬದ ಗುರುತನ್ನು ಹೊಸದಾಗಿ ಕೇಳುತ್ತಿತ್ತು. ಅದರಿಂದ ಹೊಸ ಮೂಲ ಕೀ ಹುಟ್ಟುತ್ತಿತ್ತು. ಮೂಲ ಕೀ ಬದಲಾದ ಕೂಡಲೇ ಅದರಿಂದ ಮಾಡಿದ ಕೀಗಳೆಲ್ಲ ಸಾಯಬೇಕು ಎಂದು ಬರೆದಿದ್ದವರು ನಾವೇ. ಸುರಕ್ಷತೆಗೆ ಅದು ಒಳ್ಳೆಯದೆಂದು ಇಡೀ ತಂಡ ಒಪ್ಪಿತ್ತು. ಸರ್ವರ್ ಕಂಪ್ಯೂಟರಿಗೆ ಡಬ್ಬ ಇದ್ದಕ್ಕಿದ್ದಂತೆ ಅಪರಿಚಿತವಾಗುತ್ತಿತ್ತು. ಡಬ್ಬವೋ, ಬ್ಯಾಟರಿ ಉಳಿಸಲೆಂದು ಬಹಳ ಹೊತ್ತು ಕಾದು ಆಮೇಲೆ ಮತ್ತೆ ಕೇಳುತ್ತಿತ್ತು. ಮೇಜಿನ ಮೇಲಿದ್ದಷ್ಟು ದಿನ ಅದು ಊರು ಸುತ್ತಿರಲಿಲ್ಲ, ಟೀ ಅಂಗಡಿಗೆ ಹೋಗಿ ಬಂದರೆ ನೆಟ್‌ವರ್ಕ್ ಯಾಕೆ ಮತ್ತೆ ಗುರುತು ಕೇಳುತ್ತದೆ?

ಒಂದು ಸಲ ಕಂಡದ್ದು ಸಾಲದೆಂದು ಸಂಜೆಯ ಸುತ್ತಿಗೂ ಹೋದೆ. ಆ ದಿನವಿಡೀ ನನ್ನ ಫೋನ್ ಒಮ್ಮೆಯೂ ಮನೆಯ ಕಾರಣಕ್ಕೆ ಹೊಡೆದುಕೊಳ್ಳಲಿಲ್ಲ. ಆ ಮೌನವನ್ನು ನಾನು ಗಮನಿಸಲೂ ಇಲ್ಲ.

ಮನೆ ಮುಟ್ಟಿದಾಗ ಬೀದಿದೀಪ ಹತ್ತಿತ್ತು. ನಮ್ಮ ಮನೆ ಕತ್ತಲೆ, ಗಂಡ ಇನ್ನೂ ಬಂದಿರಲಿಲ್ಲ. ಬಾಗಿಲಿಗೆ ಕೈ ಹಾಕಿದರೆ ಹೊಸ ಬೀಗ. ನನ್ನ ಬ್ಯಾಗಿನಲ್ಲಿದ್ದದ್ದು ಹಳೇ ಕೀ. ಆಗ ನೆನಪಾಯಿತು. ಹೊಸ ಕೀಗಳೆಲ್ಲ ನನ್ನ ಗಂಡನ ಬ್ಯಾಗಿನಲ್ಲಿದ್ದವು. ಒಂದನ್ನು ಎದುರುಮನೆಗೆ ಕೊಡಬೇಕೆಂಬುದು ಅವರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಹಾಗಾದರೆ ಮಗಳು ಶಾಲೆಯಿಂದ ಬಂದವಳು ಏನು ಮಾಡಿದಳು?

ಓಡಿಹೋದೆ. ಮಗಳು ಆಪಾ ಮನೆಯ ಹಜಾರದಲ್ಲಿ ಯಾರದೋ ಹಳೇ ಚೂಡಿದಾರ್ ಹಾಕಿಕೊಂಡು, ಕುಷ್ಕಾ ತಿಂದು ಕೈ ತೊಳೆದು, ಬಾಯಿಪಾಠ ಹೇಳುತ್ತಿದ್ದಳು. "ಅಮ್ಮಾ, ನಮ್ಮನೆ ಕೀ ಹಾಕಿದ್ರೆ ಬಾಗ್ಲು ತೆಗೀಲೇ ಇಲ್ಲ," ಎಂದಳು.

"ಒಂದು ಫೋನ್ ಮಾಡ್ಬಾರ್ದಿತ್ತಾ ಆಪಾ?" ಎಂದೆ.

"ಮಾಡಿದ್ರೆ ನೀನು ಅರ್ಧಕ್ಕೇ ಬಿಟ್ಟು ಬರ್ತಿದ್ದೆ. ಇವತ್ತು ಹಾಳಾದ್ರೆ ಕೆಲ್ಸ ಹೋಗುತ್ತೆ ಅಂದಿದ್ದೆ," ಎಂದರು. ಮೆಷಿನ್ನಿನಿಂದ ತಲೆ ಎತ್ತಲಿಲ್ಲ. ದಾರವನ್ನು ಹಲ್ಲಿನಿಂದ ಕಡಿದು ಮೆಲ್ಲಗೆ ಹೇಳಿದರು, "ನಿನ್ನೆ ಬಡಗಿ ಬಂದಿದ್ದು ನೋಡ್ದೆ. ಸಾಯಂಕಾಲದ ತನ್ಕ ಕಾದೆ. ಇವ್ಳೂ ಕೊಡಲ್ಲ ಅನ್ಸುತ್ತೆ ಅಂದ್ಕೊಂಡೆ."

ಮರೆತೆವು ಎಂದರೆ ಯಾರು ನಂಬುತ್ತಾರೆ? ಇಡೀ ಬೀದಿ ನೆಪ ಹೇಳಿ ಕೀ ಕೊಂಡುಹೋದ ವಾರದಲ್ಲಿ ನನ್ನದೂ ಒಂದು ನೆಪದ ಹಾಗೆಯೇ ಕೇಳುತ್ತಿತ್ತು. ಆದರೂ ಮರೆತೆವು ಎಂದೇ ಹೇಳಿದೆ, ನಿಜ ಅದೇ ಆಗಿತ್ತು. ಗಂಡ ಬಂದ ಕೂಡಲೇ ಹೊಸ ಕೀ ಇಸಿದುಕೊಂಡು ಹೋಗಿ ಕೊಟ್ಟೆ. ಆಪಾ ಅದನ್ನು ಹಲಗೆಗೆ ಹಾಕಲಿಲ್ಲ. "ಇಲ್ಲಿರ್ಲಿ," ಎಂದು ಮೆಷಿನ್ನಿನ ಡ್ರಾಯರಿನೊಳಗೆ ದಾರದುಂಡೆಗಳ ಮಧ್ಯೆ ಇಟ್ಟರು. ಹಲಗೆಯಲ್ಲಿ ನಮ್ಮ ಹಳೇ ಕೀ ಹಸಿರು ಚೂರು ಕಟ್ಟಿಕೊಂಡು ಹಾಗೆಯೇ ನೇತಾಡುತ್ತಿತ್ತು.

ಮರುದಿನ ಆಫೀಸಿನಲ್ಲಿ ಮ್ಯಾನೇಜರ್ ಜೊತೆ ಜಗಳ ಆಡಿದೆ. ಅದಕ್ಕೆ ಚರ್ಚೆ ಎನ್ನುವುದು ವಾಡಿಕೆ, ನಾನು ಆಡಿದ್ದು ಜಗಳವೇ. ಮೂಲ ಕೀ ಬದಲಾದರೂ ಆ್ಯಪಿನ ಕೀ ತನ್ನ ಅವಧಿ ಮುಗಿಯುವ ತನಕ ಬದುಕಿರಲಿ, ಮುಗಿದ ಮೇಲೆ ಹೊಸ ಮೂಲದಿಂದ ಹೊಸದು ಪಡೆಯಲಿ ಎಂಬುದು ನನ್ನ ವಾದ.

"ಬೀಗ ಬದಲಾದ್ಮೇಲೂ ಹಳೇ ಕೀ ನಡೀಬೇಕು ಅಂದ್ರೆ ಎಂಗೆ ಮೇಡಂ?" ಎಂದರು.

"ಬೀಗ ಬದಲಾಗಿದ್ದು ಕಳ್ಳ ಬಂದ ಅಂತ ಅಲ್ಲ ಸಾರ್, ವ್ಯಾನ್ ಹೆಬ್ಬಾಳ ದಾಟ್ತು ಅಂತ. ದಾರಿ ದಾಟಿದ್ದಕ್ಕೆಲ್ಲ ಗೊತ್ತಿರೋರ್ನ ಗೊತ್ತಿಲ್ಲ ಅನ್ನೋದು ಯಾವ ನ್ಯಾಯ? ಅವಧಿ ಚಿಕ್ಕದಿಡೋಣ. ಡಬ್ಬ ಕಳುವಾಯ್ತು ಅಂತ ದೂರು ಬಂದ್ರೆ ಮಾತ್ರ ಅವಧಿ ಮುಗಿಯೋದನ್ನೂ ಕಾಯದೆ ತಕ್ಷಣ ಕತ್ತರಿಸೋಣ."

ಅಷ್ಟು ಜೋರಾಗಿ ಮಾತಾಡಿದ್ದಕ್ಕೆ ನನಗೇ ಆಶ್ಚರ್ಯವಾಯಿತು. ಅವರು ಬಿಳಿ ಹಲಗೆಯ ಹತ್ತಿರ ಹೋಗಿ, ಅವಧಿಯನ್ನು ನಾನು ಹೇಳಿದ್ದಕ್ಕಿಂತಲೂ ಚಿಕ್ಕದು ಮಾಡಿ, ಒಪ್ಪಿಕೊಂಡರು. ಅವರು ಹೇಳಿದ್ದೇ ಸರಿಯಾದ ಅವಧಿ ಎಂದು ಆಮೇಲೆ ಗೊತ್ತಾಯಿತು. ಇನ್ನೊಬ್ಬರ ಮಾತು ಒಪ್ಪುವ ದೊಡ್ಡತನ ಅವರಿಗಿತ್ತು, ಅದಕ್ಕೂ ನಾನು ಋಣಿ.

ಬದಲಾಯಿಸಿ ಬರೆಯುವುದಕ್ಕೂ ಮತ್ತೆ ವ್ಯಾನಿಗೆ ಹಾಕುವುದಕ್ಕೂ ಕೆಲವು ವಾರ ಹಿಡಿಯಿತು. ಅಷ್ಟು ದಿನವೂ ಆಪಾ ನನ್ನೊಂದಿಗೆ ಬೇಕಾದಷ್ಟೇ ಮಾತಾಡಿದರು. ಮುನಿಸು ಎಂದರೆ ಮುನಿಸು, ಅಲ್ಲ ಎಂದರೆ ಅಲ್ಲ. ಹೊಸ ಕೀ ಡ್ರಾಯರಿನಲ್ಲೇ ಇತ್ತು. ಮಗಳು ದಿನಾ ಡ್ರಾಯರಿನಿಂದ ತೆಗೆದುಕೊಂಡು ದಿನಾ ಡ್ರಾಯರಿಗೆ ಹಾಕುತ್ತಿದ್ದಳು. ಆದರೆ ಅವಳ ತಟ್ಟೆ, ಅವಳ ಬಾಯಿಪಾಠ, ಜಡೆ ಬಿಚ್ಚಿ ಹೇನು ನೋಡುವುದು ಯಾವುದೂ ಒಂದು ದಿನವೂ ತಪ್ಪಲಿಲ್ಲ. ನನ್ನ ಮೇಲಿನ ಬೇಸರವನ್ನು ಅವರು ಮಗುವಿನ ತನಕ ಹೋಗಲು ಬಿಡಲಿಲ್ಲ. ಬಿಟ್ಟಿದ್ದರೆ ನಾನು ಆ ವಾರಗಳಲ್ಲಿ ಕೆಲಸಕ್ಕೆ ಹೋಗುತ್ತಲೇ ಇರಲಿಲ್ಲ. ಲೆಕ್ಕದಲ್ಲಿ ತೂತು ಬೀಳದ ಹಾಗೆ ನಾವು ತಂಡ ಕಟ್ಟಿಕೊಂಡು ಒದ್ದಾಡುತ್ತಿದ್ದಾಗ, ನನ್ನ ಮನೆಯಲ್ಲಿ ತೂತು ಬೀಳದ ಹಾಗೆ ಒಬ್ಬರೇ ನೋಡಿಕೊಂಡರು. ಆಗ ಅದಕ್ಕೆ ಥ್ಯಾಂಕ್ಸ್ ಹೇಳುವ ಧೈರ್ಯವೂ ನನಗಿರಲಿಲ್ಲ.

ಎರಡನೇ ಪರೀಕ್ಷೆಯಲ್ಲಿ ವ್ಯಾನ್ ಯಲಹಂಕದಿಂದ ಯಶವಂತಪುರಕ್ಕೆ ಎಷ್ಟು ಸಲ ಹೋಗಿ ಬಂದರೂ ಡಬ್ಬ ಸುಮ್ಮನಾಗಲಿಲ್ಲ. ಬ್ಯಾಟರಿಯೂ ನಾವು ಎಣಿಸಿದ್ದಕ್ಕಿಂತ ಹೆಚ್ಚು ಬಂತು. ಔಷಧಿಯವರು ಒಪ್ಪಿದರು. ಎರಡು ಸಾವಿರದ ಹತ್ತೊಂಬತ್ತರ ಬೇಸಿಗೆಯ ಒಂದು ಸಂಜೆ ಮ್ಯಾನೇಜರ್ ನನ್ನ ಮೇಜಿನ ಹತ್ತಿರ ಬಂದು, "ಮೇಡಂ, ನಿಮ್ದು ಕಾಯಂ ಆಯ್ತು," ಎಂದು ಹೇಳಿ, ನಾನು ಎದ್ದು ನಿಲ್ಲುವಷ್ಟರಲ್ಲಿ ಹೊರಟುಹೋದರು. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು.

ಬಸ್ಸಿಳಿದು ನಮ್ಮ ಮನೆಗೆ ಹೋಗದೆ ಮೊದಲು ಎದುರುಮನೆಗೇ ಹೋದೆ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಒಳಗೆ ಕಾಲಿಟ್ಟು ಬಾಗಿಲು ಸರಿಸಿದಾಗ ಹಲಗೆ ಕಂಡಿತು. ಬಹುತೇಕ ಮೊಳೆಗಳು ಖಾಲಿ. ನಮ್ಮ ಮೊಳೆಯಲ್ಲಿ ಹಳೇ ಕೀ ಇರಲಿಲ್ಲ. ಹೊಸ ಕೀ ಇತ್ತು. ಅದಕ್ಕೆ ಹತ್ತು ವರ್ಷ ಕೈ ಬದಲಾಯಿಸಿ ಬಣ್ಣ ಮಾಸಿದ ಅದೇ ಹಸಿರು ಚೂರು ಕಟ್ಟಿತ್ತು.

ಜೋಡಿಸಿಕೊಂಡ ಮಾತೆಲ್ಲ ಮರೆತು ಅಲ್ಲೇ ನಿಂತು ಅತ್ತುಬಿಟ್ಟೆ.

ಆಪಾ ಮೆಷಿನ್ ನಿಲ್ಲಿಸಿ ಗಾಬರಿಯಿಂದ ಎದ್ದು ಬಂದರು. "ಹೋಯ್ತಾ ಕೆಲ್ಸ? ಹೋದ್ರೆ ಹೋಗ್ಲಿ ಬಿಡಮ್ಮಾ, ಇನ್ನೊಂದು ಸಿಗುತ್ತೆ. ಮಗು ನೋಡ್ಕೊಳ್ಳೋಕೆ ನಾನಿದೀನಿ."

"ಹೋಗ್ಲಿಲ್ಲ ಆಪಾ. ಉಳೀತು. ನಿಮ್ಮಿಂದ ಉಳೀತು."

ಅವರು ಸೆರಗಿನ ತುದಿಯಲ್ಲಿ ನನ್ನ ಕೆನ್ನೆ ಒರೆಸಿ, ಮೆಷಿನ್ನಿನ ಮುಂದೆ ಹೋಗಿ ಕುಳಿತು, ಸೂಜಿಗೆ ದಾರ ಪೋಣಿಸುತ್ತಾ ಕೇಳಿದರು, "ನಾಳೆ ಎಷ್ಟೊತ್ತಿಗೆ ಬರ್ತೀಯ?"